ಚಪ್ಪಾಳೆಗೂ ಕಾರಣ ಬೇಕು

ಕನ್ನಡ ಟಿವಿಯಲ್ಲಿ ಬಂದ ಹಾಡಿನ ಕಾರ್ಯಕ್ರಮಗಳಲ್ಲಿ ಯಾವುದು ಶ್ರೇಷ್ಠ ಎಂದು ಕೇಳಿದರೆ ನನ್ನ ಉತ್ತರ ಇಂದಿಗೂ ಒಂದೇ: ಈಟಿವಿ ಕನ್ನಡದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಡುತ್ತಿದ್ದ ‘ಎದೆ ತುಂಬಿ ಹಾಡುವೆನು’. ನಾನು ಎಸ್‌ಪಿಬಿ ಅಭಿಮಾನಿ, ನಿಜ. ಆದರೆ ಈ ಮಾತನ್ನು ಅಭಿಮಾನಕ್ಕೆ ಹೇಳುತ್ತಿಲ್ಲ. ಆ ವೇದಿಕೆಯಲ್ಲಿ ಸ್ಪರ್ಧಿಗಿಂತಲೂ ತೀರ್ಪುಗಾರರಿಗಿಂತಲೂ ಹಾಡು ದೊಡ್ಡದಾಗಿತ್ತು. ಆಮೇಲೆ ಬಂದ ಯಾವ ಕಾರ್ಯಕ್ರಮವೂ ಹಾಡಿಗೆ ಅಷ್ಟು ಜಾಗ ಕೊಡಲಿಲ್ಲ.

ಒಬ್ಬ ಹುಡುಗ ಹಾಡಿ ಮುಗಿಸಿದ ಎನ್ನಿ. ಅದು ಯಾವ ಚಿತ್ರದ್ದು, ಬರೆದವರು ಚಿ. ಉದಯಶಂಕರರೋ ಆರ್.ಎನ್. ಜಯಗೋಪಾಲರೋ, ಸಂಗೀತ ಜಿ.ಕೆ. ವೆಂಕಟೇಶರದೋ ರಾಜನ್-ನಾಗೇಂದ್ರರದೋ ಎಂಬ ವಿವರ ಅಲ್ಲಿ ಬರುತ್ತಿತ್ತು. ಅದರ ಜೊತೆಗೇ ಧ್ವನಿಮುದ್ರಣದ ದಿನಗಳ ನೆನಪು. ಆಮೇಲೆ ತಿದ್ದುಪಡಿ. ಇಲ್ಲಿ ಮಹಾಪ್ರಾಣ ಜಾರಿತು, ಅಲ್ಲಿ ಉಸಿರು ತೆಗೆದುಕೊಂಡದ್ದರಿಂದ ಪದ ಎರಡಾಯಿತು, ಚರಣದ ಕೊನೆಯಲ್ಲಿ ಶ್ರುತಿ ಸ್ವಲ್ಪ ಇಳಿಯಿತು ಎಂದು ಹೇಳಿ, ಆ ಸಾಲನ್ನು ಎಸ್‌ಪಿಬಿ ತಾವೇ ಹಾಡಿ ತೋರಿಸುತ್ತಿದ್ದರು. ಹುಡುಗನ ಮುಖ ಬಾಡುತ್ತಿರಲಿಲ್ಲ. ಮನೆಯಲ್ಲಿ ಕೂತು ನೋಡುತ್ತಿದ್ದ ನಮಗೂ, ನೂರು ಸಲ ಕೇಳಿದ್ದ ಹಾಡಿನಲ್ಲಿ ಅಂಥದೊಂದು ಸಂಗತಿ ಇದೆಯೆಂದು ಆಗಲೇ ಗೊತ್ತಾಗುತ್ತಿತ್ತು.

ತೆಲುಗು ಮನೆಮಾತಿನ ಗಾಯಕರೊಬ್ಬರು ಕನ್ನಡದ ಮಕ್ಕಳಿಗೆ ಕನ್ನಡದ ಉಚ್ಚಾರ ತಿದ್ದುತ್ತಿದ್ದರು ಎಂಬುದನ್ನು ನಾವು ಇನ್ನಷ್ಟು ಗೌರವದಿಂದ ನೆನೆಯಬೇಕು. 1967ರ ‘ನಕ್ಕರೆ ಅದೇ ಸ್ವರ್ಗ’ ಚಿತ್ರಕ್ಕೆ ಎಂ. ರಂಗರಾವ್ ಸಂಗೀತದಲ್ಲಿ ಹಾಡಿ ಕನ್ನಡಕ್ಕೆ ಬಂದವರು, ಹಂಸಲೇಖ ಸಂಗೀತದ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದರು. ನಡುವಿನ ಆ ವರ್ಷಗಳಲ್ಲಿ ಮೈಕಿನ ಮುಂದೆ ನಿಂತು ಕಲಿತದ್ದನ್ನೇ ಅವರು ಟಿವಿಯಲ್ಲಿ ಹಂಚಿದರು. ಅವರ ತಿದ್ದುಪಡಿಗೆ ತೂಕ ಬಂದದ್ದು ಅಲ್ಲಿಂದ.

ಈಗ ಜೀ ಕನ್ನಡದ ‘ಸರಿಗಮಪ’ಕ್ಕೆ ಬರೋಣ. ಅಲ್ಲಿನ ವಾದ್ಯವೃಂದ ಬಹಳ ಚೆನ್ನಾಗಿದೆ. ತೀರ್ಪುಗಾರರ ಕುರ್ಚಿಯಲ್ಲಿ ಕೂತ ವಿಜಯ್ ಪ್ರಕಾಶ್, ರಾಜೇಶ್ ಕೃಷ್ಣನ್, ಅರ್ಜುನ್ ಜನ್ಯ ಸಂಗೀತ ಬಲ್ಲವರು. ಮಹಾಗುರುಗಳಾಗಿ ಕೂತ ಹಂಸಲೇಖರ ವಿದ್ವತ್ತಿನ ಬಗ್ಗೆ ಎರಡು ಮಾತಿಲ್ಲ. ವಿಜಯ್ ಪ್ರಕಾಶ್ ಒಂದು ಸಾಲನ್ನು ಹಾಡಿ ತೋರಿಸಿದಾಗಲೆಲ್ಲ ನನಗೆ ಹಳೆಯ ಆ ವೇದಿಕೆ ಮರಳಿದಂತೆ ಅನಿಸುತ್ತದೆ. ನನ್ನ ತಕರಾರು ಇವರ ಮೇಲಲ್ಲ, ಇವರ ಸಮಯವನ್ನು ಕಾರ್ಯಕ್ರಮ ಬಳಸಿಕೊಳ್ಳುವ ಬಗೆಯ ಮೇಲೆ.

ಹಾಡಿಗೆ ಮೊದಲು ಸ್ಪರ್ಧಿಯ ಮನೆ, ಸಾಲ, ತಾಯಿಯ ಕಣ್ಣೀರು. ಹಾಡು ಶುರುವಾದ ಮೇಲೂ ಕ್ಯಾಮೆರಾ ಹಾಡುವವರ ಮೇಲೆ ನಿಲ್ಲುವುದಿಲ್ಲ. ಚರಣದ ಕಠಿಣ ತಿರುವಿನಲ್ಲಿ ಗಂಟಲು ಏನು ಮಾಡುತ್ತಿದೆ ಎಂದು ನೋಡಬೇಕಾದ ಹೊತ್ತಿಗೆ ಪರದೆಯ ಮೇಲೆ ತೀರ್ಪುಗಾರರ ಮುಖ ಇರುತ್ತದೆ. ಹಾಡು ಮುಗಿದರೆ ಎಲ್ಲರೂ ಎದ್ದು ನಿಂತು ಚಪ್ಪಾಳೆ. ಯಾಕೆ ಎದ್ದು ನಿಂತಿರಿ ಎಂಬುದಕ್ಕೆ ಸಿಗುವ ಉತ್ತರ ಹೆಚ್ಚಾಗಿ ‘ರೋಮಾಂಚನ’, ‘ಅದ್ಭುತ’ ಎಂಬೆರಡು ಮಾತು. ಬಡತನದಿಂದ ಬಂದ ಕಲಾವಿದರ ಕಷ್ಟವನ್ನು ಜನ ತಿಳಿಯಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಆ ಕಷ್ಟವನ್ನು ದಾಟಿ ಅವರು ಗಳಿಸಿದ ವಿದ್ಯೆ ಎಂಥದೆಂದು ಯಾರೂ ಬಿಡಿಸಿ ಹೇಳದಿದ್ದರೆ ಅವರಿಗೆ ಸಿಗುವುದು ಅನುಕಂಪ ಮಾತ್ರ.

ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ಅವರನ್ನೇ ನೋಡಿ. 2019ರಲ್ಲಿ ಮುಗಿದ ಹದಿನೈದನೇ ಸೀಸನ್ನಿನಲ್ಲಿ ಎರಡನೇ ಸ್ಥಾನಕ್ಕೆ ಬಂದರು. ಕುರಿ ಕಾಯುತ್ತ ಬಯಲಿನಲ್ಲಿ ಹಾಡಿಕೊಂಡು ಪಳಗಿದ ದನಿ ಅದು. ಎತ್ತರದ ಸ್ಥಾಯಿಗೆ ಹೋದರೂ ಅಳುಕದ ಶಾರೀರ, ಉತ್ತರ ಕರ್ನಾಟಕದ ಮಾತಿನ ಸೊಗಡು ಬಿಡದ ಉಚ್ಚಾರ. ಇಂಥ ದನಿಯನ್ನು ಮನೆಮನೆಗೆ ತಲುಪಿಸಿದ್ದು ‘ಸರಿಗಮಪ’ದ ದೊಡ್ಡ ಸಾಧನೆ, ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಅವರ ದನಿಗಿಂತ ಅವರ ಮುಗ್ಧತೆಯೇ ಹೆಚ್ಚು ಚರ್ಚೆಯಾಯಿತು. ಜನಪದದ ಧಾಟಿ ಸಿನಿಮಾ ಹಾಡಿನ ಧಾಟಿಗಿಂತ ಹೇಗೆ ಬೇರೆ, ಅದನ್ನು ಬೇರೆಯೇ ಅಳತೆಯಿಂದ ಯಾಕೆ ತೂಗಬೇಕು ಎಂಬ ಮಾತು ಆಗ ಗಟ್ಟಿಯಾಗಿ ಆಗಬೇಕಿತ್ತು. 2025ರ ಜನವರಿಯಲ್ಲಿ ಅವರು ‘ಬಿಗ್ ಬಾಸ್’ ಹನ್ನೊಂದನೇ ಸೀಸನ್ ಗೆದ್ದಾಗ ನನಗೂ ಖುಷಿಯಾಯಿತು. ಹಾಡುಗಾರನೊಬ್ಬನಿಗೆ ಟಿವಿ ಕೊಟ್ಟ ಅತಿ ದೊಡ್ಡ ಬಹುಮಾನ ಹಾಡಿಗಲ್ಲದೆ ಬಂತಲ್ಲ ಎಂಬ ನೋವೂ ಆಯಿತು.

2020ರ ಸೆಪ್ಟೆಂಬರ್ 25ರಂದು ಎಸ್‌ಪಿಬಿ ತೀರಿಕೊಂಡರು. ಮರುವರ್ಷ ಕಲರ್ಸ್ ಕನ್ನಡ ಅದೇ ಹೆಸರಿನಲ್ಲಿ ‘ಎದೆ ತುಂಬಿ ಹಾಡುವೆನು’ ಮತ್ತೆ ತಂದಿತು. ರಾಜೇಶ್ ಕೃಷ್ಣನ್, ವಿ. ಹರಿಕೃಷ್ಣ, ರಘು ದೀಕ್ಷಿತ್ ತೀರ್ಪುಗಾರರು. ಅವರ ಪ್ರೀತಿ, ಶ್ರದ್ಧೆ ಎರಡೂ ಕಾಣುತ್ತಿದ್ದವು. ಚೌಕಟ್ಟು ಮಾತ್ರ ಇತರ ರಿಯಾಲಿಟಿ ಶೋಗಳದೇ. ಹಾಗಾಗಿ ನನ್ನ ಮಟ್ಟಿಗೆ ಹೆಸರು ಮರಳಿತು, ಪಾಠ ಮರಳಲಿಲ್ಲ.

 

ವಾಹಿನಿಗಳಿಗೆ ನನ್ನ ಬೇಡಿಕೆ ಚಿಕ್ಕದು. ಹಾಡು ಶುರುವಾದಾಗ ಕವಿ ಮತ್ತು ಸಂಗೀತ ನಿರ್ದೇಶಕರ ಹೆಸರನ್ನು ಓದಲು ಆಗುವಷ್ಟು ಹೊತ್ತು ಪರದೆಯ ಮೇಲೆ ಇಡಿ. ಪಲ್ಲವಿಯಿಂದ ಕೊನೆಯವರೆಗೆ ಕ್ಯಾಮೆರಾವನ್ನು ಹಾಡುವವರ ಮೇಲೇ ನಿಲ್ಲಿಸಿ. ಚಪ್ಪಾಳೆ ತಟ್ಟಿದ ಮೇಲೆ, ಯಾವ ಸಾಲಿಗೆ ತಟ್ಟಿದೆವು ಎಂದು ತೀರ್ಪುಗಾರರಿಂದ ಹೇಳಿಸಿ. ಎಲ್ಲಿ ತಪ್ಪಿತು ಎಂಬುದನ್ನೂ ಕತ್ತರಿಸದೆ ಪ್ರಸಾರ ಮಾಡಿ. ಕೇಳಿಸಿಕೊಳ್ಳಲು ನಾವು ಸಿದ್ಧರಿದ್ದೇವೆ.