ಜೋಳವಾಳಿಯೂ ಕಾಯಕವೂ

ದುಡಿಯುವವನ ತೃಪ್ತಿಯು ಅವನ ಸ್ವಭಾವದಿಂದ ಹುಟ್ಟುವುದೋ, ದುಡಿಸಿಕೊಳ್ಳುವವನ ನಡತೆಯಿಂದಲೋ ಎಂಬ ಪ್ರಶ್ನೆಯು ಆಡಳಿತಶಾಸ್ತ್ರದಲ್ಲಿ ಬಹುಚರ್ಚಿತವಾದುದು. ಅಮೆರಿಕೆಯ ಷಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳ ತರುವಾಯ, ಮೇಲಿನವರ ಆದರವೇ ಕೆಲಸಗಾರರ ಉತ್ಸಾಹಕ್ಕೆ ಮೂಲವೆಂಬ ಮತವು ಪ್ರಚಾರಕ್ಕೆ ಬಂದಿತು. ಅನಂತರ ವಿವಾದಕ್ಕೂ ಒಳಗಾಯಿತು. ಕನ್ನಡ ಸಾಹಿತ್ಯಕ್ಕೆ ಈ ವಿಚಾರವು ಹೊಸದಲ್ಲ. ಜೋಳವಾಳಿ, ಕಾಯಕ ಎಂಬ ಎರಡು ಆದರ್ಶಗಳು ನಮ್ಮ ಪ್ರಾಚೀನರಲ್ಲಿದ್ದುವು. ಇವೆರಡನ್ನೂ ಒಂದೆಂದೇ ಬಗೆಯುವುದು ಈಗ ವಾಡಿಕೆಯಾಗಿದೆ. ಅದು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಾರ್ಹ.

ಜೋಳವಾಳಿಯೆಂದರೆ ಉಂಡ ಅನ್ನದ ಋಣವನ್ನು ಪ್ರಾಣವನ್ನಿತ್ತಾದರೂ ತೀರಿಸುವ ಧರ್ಮ. 941ರ ಪಂಪಭಾರತದಲ್ಲಿ ಕರ್ಣನೇ ಇದಕ್ಕೆ ಶ್ರೇಷ್ಠ ನಿದರ್ಶನ. ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿ ಪಾಂಡವರೆಡೆಗೆ ಕರೆದಾಗ ಅವನನ್ನು ತಡೆದುದು ಅಂಗರಾಜ್ಯದ ಐಶ್ವರ್ಯವಲ್ಲ. ಭಾನುಮತಿಯೊಡನೆ ನೆತ್ತವಾಡುವಾಗ ಮುತ್ತಿನ ಹಾರವು ಹರಿಯಲು, ಸಂದೇಹಕ್ಕೆಡೆಗೊಡದೆ ಮುತ್ತುಗಳನ್ನು ಆಯಬೇಕೇ ಎಂದು ಕೇಳಿದ ದುರ್ಯೋಧನನ ವಿಶ್ವಾಸವು ಅವನನ್ನು ಕಟ್ಟಿಹಾಕಿತು. ಸಂಬಳಕ್ಕಿಂತ ನಂಬಿಕೆಯು ದೊಡ್ಡದೆಂಬುದನ್ನು ಪಂಪನು ಬಲ್ಲನು. ಆದರೆ ಆ ನಂಬಿಕೆಯೇ ಸಂಕೋಲೆಯಾಗುವುದನ್ನೂ ಅವನು ಮರೆಮಾಚಿಲ್ಲ. ಒಡೆಯನ ಪ್ರಸಾದದಿಂದ ಬಂದ ತೃಪ್ತಿಯು, ಒಡೆಯನು ತಪ್ಪುದಾರಿ ಹಿಡಿದಾಗ ಅವನನ್ನು ತೊರೆಯುವ ಸ್ವಾತಂತ್ರ್ಯವನ್ನು ಕರ್ಣನಿಗೆ ಉಳಿಸಲಿಲ್ಲ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಚಿತ್ರವು ಬೇರೆ. ಕಾಯಕದಲ್ಲಿ ನಿರತನಾದವನು ಗುರುದರ್ಶನವನ್ನೂ ಮರೆಯಬೇಕೆಂಬುದು ಆಯ್ದಕ್ಕಿ ಮಾರಯ್ಯನ ವಚನವೊಂದರ ತಾತ್ಪರ್ಯ. ಇಲ್ಲಿ ಕೆಲಸದ ಹಕ್ಕು ಹಿರಿಯರ ಹಕ್ಕಿಗಿಂತ ಮೇಲಾದುದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಹಿಂದಿರುಗಿಸಿ ಬರುವಂತೆ ಲಕ್ಕಮ್ಮನು ಹೇಳಿದಳೆಂದು ಸಂಪ್ರದಾಯವಿದೆ. ಕೊಡುವವನ ಔದಾರ್ಯಕ್ಕೆ ಮಿತಿಯನ್ನು ವಿಧಿಸಿದವಳು ದುಡಿಯುವವನ ಮಡದಿ. ಸಾಕೆಂಬ ಮಾತು ಅವಳ ಬಾಯಿಂದ ಹೊರಟುದರಿಂದಲೇ ಅದು ತೃಪ್ತಿಯೆನಿಸಿತು. ಅದೇ ಮಾತು ಬಸವಣ್ಣನವರಿಂದ ಬಂದಿದ್ದರೆ ಅದು ಕೇವಲ ಕಟ್ಟಳೆಯಾಗುತ್ತಿತ್ತು.

ಮಾರಯ್ಯನು ಮಹಾಮನೆಯ ಸಂಬಳದ ಆಳಲ್ಲ, ಅಕ್ಕಿಯನ್ನು ಆಯುವುದು ನೌಕರಿಯಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪವು ನ್ಯಾಯವಾದುದೇ. ಆದರೆ ಅದರಿಂದ ಬಲಗೊಳ್ಳುವುದು ಮೇಲಿನ ವಾದವೇ: ಸ್ವತಂತ್ರನ ಬಾಯಿಗೆ ಸಲ್ಲುವ ಮಾತನ್ನು ಪರಾಧೀನನ ಮೇಲೆ ಹೇರಲಾಗದು. 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಮೇಲೆ ಸರ್ಕಾರದ ಕೆಲಸವು ದೇವರ ಕೆಲಸವೆಂದು ಕೆತ್ತಲಾಗಿದೆ. ಕಾಯಕವನ್ನು ಕೈಲಾಸಕ್ಕೆ ಸಮಗೊಳಿಸುವ ಮಾತೂ ಅನೇಕ ಕಚೇರಿಗಳ ಗೋಡೆಗಳನ್ನು ಅಲಂಕರಿಸಿದೆ. ಗೋಡೆಯ ಮೇಲೆ ಕಾಯಕವನ್ನು ಬರೆಯಿಸಿ ಗೋಡೆಯೊಳಗೆ ಜೋಳವಾಳಿಯನ್ನು ಬಯಸುವ ಅಧಿಕಾರಿಯು ವಚನವನ್ನು ತಲೆಕೆಳಗಾಗಿ ಓದಿದವನು. ಅವನು ಲಕ್ಕಮ್ಮನ ಅಲ್ಪತೃಪ್ತಿಯನ್ನು ನೌಕರರಿಂದ ಕೇಳುವನು, ಅವಳ ನಿರಾಕರಣದ ಅಧಿಕಾರವನ್ನು ಅವರಿಗೆ ಕೊಡನು.

ತರಗತಿಗಳಲ್ಲಿ ಈ ವಚನಗಳನ್ನು ಬೋಧಿಸುವಾಗ ಅವು ದುಡಿಮೆಯ ಸ್ತೋತ್ರಗಳೆಂದಷ್ಟೇ ಹೇಳಿ ಮುಗಿಸುವುದುಂಟು. ಮೇಲಿನವನು ಎಷ್ಟೇ ಸಜ್ಜನನಾಗಿರಲಿ, ಅವನಿಗೆ ಒಲ್ಲೆನೆನ್ನಬಲ್ಲ ಎಡೆಯಲ್ಲಿಯೇ ದುಡಿಮೆಯ ತೃಪ್ತಿಯು ನಿಜವಾದುದು. ಕರ್ಣನಿಗೆ ದೊರೆತ ಒಡೆಯನು ಉದಾರಿ. ಲಕ್ಕಮ್ಮನಿಗೆ ಒಡೆಯನ ಔದಾರ್ಯವೇ ಬೇಕಾಗಲಿಲ್ಲ.