ಗುರುವನ ಗುಡಿಸಲಿಗೆ ಯಾರೂ ಹೋಗಲಿಲ್ಲ

'ಚೋಮನ ದುಡಿ' ಅಂದ ಕೂಡಲೇ ನಾವು ಚೋಮನ ಬಗ್ಗೆ ಮಾತಾಡ್ತೇವೆ, ಬೆಳ್ಳಿಯ ಬಗ್ಗೆ ಮಾತಾಡ್ತೇವೆ. ಆ ದುಡಿಯ ಸದ್ದಿನ ಬಗ್ಗೆಯಂತೂ ಮಾತಾಡಿ ಮುಗಿಯೋದೇ ಇಲ್ಲ. ಗುರುವನ ಹೆಸರೆತ್ತುವವರು ಮಾತ್ರ ನನಗೆ ಸಿಕ್ಕಿಲ್ಲ. ಗುರುವ ಚೋಮನ ಮಗ. ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗಿ, ಅಲ್ಲಿನ ಕ್ರೈಸ್ತ ಹುಡುಗಿಯನ್ನು ಮೆಚ್ಚಿ ಕ್ರೈಸ್ತನಾದವನು. ಅಲ್ಲಿಂದ ಮುಂದೆ ಅಪ್ಪನ ಪಾಲಿಗೆ ಅವನು ಇಲ್ಲ. ಕಾದಂಬರಿಯ ಪಾಲಿಗೂ ಹೆಚ್ಚುಕಡಿಮೆ ಇಲ್ಲ. ನನ್ನ ತಕರಾರು ಇರೋದು ಇಲ್ಲೇ.

ನಮ್ಮದು ಕಡಬದ ಕಡೆ, ಕೇರಳದಿಂದ ಬಂದು ರಬ್ಬರ್ ಹಾಕಿದ ಕ್ರೈಸ್ತ ಕುಟುಂಬ. ಬೆಂಗಳೂರಿನ ಆಫೀಸಿನಲ್ಲಿ ಊಟದ ಹೊತ್ತಿಗೆ "ನಿಮ್ಮೋರು ಒಬ್ಬರನ್ನು ಸೇರಿಸಿದ್ರೆ ಎಷ್ಟು ಕೊಡ್ತಾರೆ ಮಾರಾಯಾ?" ಅನ್ನುವ ತಮಾಷೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹೇಳುವವರು ಕೆಟ್ಟವರೇನಲ್ಲ. ಮತ ಬದಲಿಸುವುದು ಅಂದ್ರೆ ಒಂದು ವ್ಯಾಪಾರ ಎಂಬ ಚಿತ್ರ ಅವರ ತಲೆಯಲ್ಲಿ ಕೂತಿದೆ. ಆ ಚಿತ್ರವನ್ನು ಕನ್ನಡದಲ್ಲಿ ಅತ್ಯಂತ ಸಮರ್ಥವಾಗಿ ಬರೆದವರು ನಮ್ಮ ಪುತ್ತೂರಿನಲ್ಲೇ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರು.

1933ರ ಆ ಕಾದಂಬರಿಯಲ್ಲಿ ಚೋಮನಿಗೆ ಬೇಕಾದದ್ದು ಒಂದೇ, ಉಳಲು ತುಂಡು ಭೂಮಿ. ಎತ್ತು ಇದೆ, ತೋಳಲ್ಲಿ ಬಲ ಇದೆ. ದಲಿತನಾದ್ದರಿಂದ ಬೇಸಾಯ ಮಾತ್ರ ಕೂಡದು. ಧಣಿ ಸಂಕಪ್ಪಯ್ಯನ ಮನಸ್ಸು ಕರಗಿದರೂ ಮನೆಯಲ್ಲಿ ಒಪ್ಪುವುದಿಲ್ಲ. ಆಗ ಇನ್ನೊಂದು ಬಾಗಿಲು ಕಾಣಿಸುತ್ತದೆ. ಪಾದ್ರಿಯ ಮತಕ್ಕೆ ಸೇರಿದರೆ ಭೂಮಿ ಸಿಗುತ್ತದೆ. ಎಲ್ಲ ಕಳಕೊಂಡ ಚೋಮ ಆ ಕಡೆ ಹೊರಡುತ್ತಾನೆ, ಆದರೆ ಪಂಜುರ್ಲಿಯನ್ನು ಬಿಡಲಾಗದೆ ತಿರುಗಿ ಬರುತ್ತಾನೆ.

ಇದನ್ನು ಕ್ರೈಸ್ತರ ಮೇಲಿನ ದಾಳಿ ಅಂತ ಓದುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಸುವಾರ್ತೆಯಲ್ಲಿ ಒಂದು ಕಥೆ ಇದೆ. ಹಸಿದ ಯೇಸುವಿಗೆ ಸೈತಾನ ಬೆಟ್ಟದ ಮೇಲಿಂದ ಲೋಕದ ರಾಜ್ಯಗಳನ್ನೆಲ್ಲ ತೋರಿಸಿ, ನನಗೆ ಅಡ್ಡಬಿದ್ದರೆ ಇದೆಲ್ಲ ನಿನ್ನದೇ ಅನ್ನುತ್ತಾನೆ. ಯೇಸು ಒಲ್ಲೆ ಅನ್ನುತ್ತಾನೆ. ಈಗ ಚೋಮನನ್ನು ನೋಡಿ. ಭೂಮಿ ತೋರಿಸಿ ದೇವರನ್ನು ಬದಲಿಸು ಅಂದಾಗ ಒಲ್ಲೆ ಅಂದವನು ಅವನು. ಆ ದೃಶ್ಯದಲ್ಲಿ ಯೇಸುವಿಗೆ ಹತ್ತಿರ ಇರುವವನು ಪಂಜುರ್ಲಿಯ ಭಕ್ತ. ಜ್ಞಾನಸ್ನಾನಕ್ಕೆ ಭೂಮಿಯ ಬೆಲೆ ಕಟ್ಟಿದವರು ಆ ಕಥೆಯಲ್ಲಿ ಎಲ್ಲಿ ನಿಲ್ಲುತ್ತಾರೆ ಅಂತ ನಾವು ಕ್ರೈಸ್ತರೇ ಕೇಳಿಕೊಳ್ಳಬೇಕು. ತೋಟದ ಸಾಲದ ಲೆಕ್ಕಕ್ಕೆ ಬೆಳ್ಳಿಯ ಮೈಯನ್ನೇ ವಸೂಲಿ ಮಾಡಿದ ಕಡೆಯಲ್ಲಿ ಮನ್ವೇಲನಂಥ ಹೆಸರೂ ಇದೆ, ಅದನ್ನೂ ಮುಚ್ಚಿಡುವ ಹಾಗಿಲ್ಲ.

ಇಷ್ಟರಮಟ್ಟಿಗೆ ಕಾರಂತರಿಗೆ ನನ್ನ ಕೈಮುಗಿತ. ಆದರೆ ಗುರುವ?

ಗುರುವ ಕ್ರೈಸ್ತನಾದದ್ದು ಹುಡುಗಿಗಾಗಿ. ಆಗಲಿ, ಪ್ರೀತಿಯಿಂದ ದೇವರ ಹತ್ತಿರ ಹೋದವರು ಬೇಕಾದಷ್ಟಿದ್ದಾರೆ. ಆಮೇಲೆ ಏನಾಯ್ತು? ಮೊದಲ ಸಲ ಚರ್ಚಿನ ಬೆಂಚಿನಲ್ಲಿ ಕೂತಾಗ ಪಕ್ಕದವರು ಸರಿದು ಕೂತರೇ? ಅಪ್ಪ ತನ್ನನ್ನು ಬಿಟ್ಟ ಅಂತ ಗೊತ್ತಾದ ರಾತ್ರಿ ಅವನು ಯಾರನ್ನು ಪ್ರಾರ್ಥಿಸಿದ, ಯೇಸುವನ್ನೋ ಪಂಜುರ್ಲಿಯನ್ನೋ? ಕಾದಂಬರಿ ಆ ಗುಡಿಸಲಿಗೆ ಹೋಗುವುದೇ ಇಲ್ಲ. ಬಿ.ವಿ. ಕಾರಂತರ 1975ರ ಸಿನಿಮಾ ಸ್ವರ್ಣಕಮಲ ಪಡೆಯಿತು, ಅದರ ಕಣ್ಣೂ ಚೋಮನ ಮೇಲೆಯೇ. ಚೋಮನ ನಿಷ್ಠೆಗೆ ಒಳಮನಸ್ಸು ಸಿಕ್ಕಿತು, ಗುರುವನದಕ್ಕೆ ಬರೀ ಕಾರಣ ಸಿಕ್ಕಿತು.

ಒಳಮನಸ್ಸು ಇದ್ದ ಗುರುವಂದಿರು ನಮ್ಮ ಜಿಲ್ಲೆಯಲ್ಲಿ ಇರಲಿಲ್ಲವೇ? ಇದ್ದರು. ಒಬ್ಬರ ಹೆಸರು ಆನಂದರಾವ್ ಕೌಂಡಿಣ್ಯ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಹುಡುಗ, ಬಾಸೆಲ್ ಮಿಷನ್ ಶಾಲೆಯಲ್ಲಿ ಓದಿದವರು. 1844ರಲ್ಲಿ ಜ್ಞಾನಸ್ನಾನ ಪಡೆದಾಗ ಊರಲ್ಲಿ ಗಲಾಟೆಯೇ ಎದ್ದಿತು. ಮನೆ, ಜಾತಿ ಎರಡೂ ಕೈತಪ್ಪಿದವು, ಹೆಂಡತಿಯೂ ಜೊತೆಗೆ ಬರಲಿಲ್ಲ. ಅವರು ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ದೀಕ್ಷೆ ಪಡೆದು, ತಿರಸ್ಕರಿಸಿದ ಅದೇ ನೆಲಕ್ಕೆ ವಾಪಸ್ ಬಂದರು. ಮುಂದೆ ಕೊಡಗಿನ ಆನಂದಪುರದಲ್ಲಿ ದಲಿತ ಕ್ರೈಸ್ತರ ನೆಲೆಗಾಗಿ ಕಾಫಿ ತೋಟ ಮಾಡಿದರು. ಇಲ್ಲೂ ಭೂಮಿ ಬಂತು ನೋಡಿ. ಇದೂ ವ್ಯಾಪಾರವೇ ಅಂತ ಕೇಳಬಹುದು, ಕೇಳಲೇಬೇಕು. ಆದರೆ ಕೌಂಡಿಣ್ಯರ ಸ್ವಂತ ಲೆಕ್ಕದಲ್ಲಿ ಬಂದದ್ದಕ್ಕಿಂತ ಹೋದದ್ದೇ ಜಾಸ್ತಿ. ಆ ಲೆಕ್ಕವನ್ನು ಆಮಿಷ ಅನ್ನುವ ಒಂದೇ ಶಬ್ದದಿಂದ ವಿವರಿಸಲಾಗುವುದಿಲ್ಲ.

ಆದರೆ ನಮ್ಮ ಕಾಲದ ಕಾನೂನಿಗೆ ಆ ಒಂದು ಶಬ್ದವೇ ಸಾಕಾಯ್ತು. 2022ರ ಕರ್ನಾಟಕದ ಮತಾಂತರ ಕಾಯ್ದೆಯಲ್ಲಿ ಆಮಿಷದ ಪಟ್ಟಿ ಉದ್ದ ಇತ್ತು. ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣ, ಮದುವೆಯ ಭರವಸೆ, ಉತ್ತಮ ಬದುಕು. ಮತ ಬದಲಿಸುವವನು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕಿತ್ತು. ಬದಲಾದವನು ದಲಿತನಾಗಿದ್ದರೆ ಬದಲಿಸಿದವನಿಗೆ 10 ವರ್ಷದವರೆಗೆ ಜೈಲು. ಚೋಮನ ಭೂಮಿ, ಗುರುವನ ಮದುವೆ ಎರಡೂ ಆ ಪಟ್ಟಿಯಲ್ಲಿ ಸಲೀಸಾಗಿ ಕೂರುತ್ತವೆ. 2023ರ ಜೂನ್‌ನಲ್ಲಿ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ಮಾಡಿತು. ತಲೆಯೊಳಗಿನ ಪಟ್ಟಿ ರದ್ದಾಗಿಲ್ಲ.

ಈ ಪಟ್ಟಿಯಲ್ಲಿ ಇಲ್ಲದ್ದು ಇನ್ನೊಂದಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ದಲಿತರು ಮಾತ್ರ ಪರಿಶಿಷ್ಟ ಜಾತಿಯವರು. ಇವತ್ತಿನ ಗುರುವ ಕ್ರೈಸ್ತನಾದರೆ ಆ ಸರ್ಟಿಫಿಕೇಟ್ ಹೋಯ್ತು. ಕರ್ನಾಟಕದಲ್ಲಿ ಪ್ರವರ್ಗ 1 ಸಿಗುತ್ತದೆ, ಆದರೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಸಿಗುವುದಿಲ್ಲ. ಊರು ಅವನನ್ನು ನೋಡುವ ರೀತಿ ಮಾತ್ರ ಒಂದಿಂಚೂ ಬದಲಾಗುವುದಿಲ್ಲ. ಅಂದ್ರೆ ಅವನ ಮುಂದೆ ದಾರಿ ಎರಡು. ಕಾಗದದಲ್ಲಿ ಒಂದು ದೇವರು, ಮನೆಯಲ್ಲಿ ಇನ್ನೊಂದು ದೇವರು ಅಂತ ಬದುಕೋದು. ಇಲ್ಲವೇ ಇದ್ದದ್ದನ್ನು ಇದ್ದ ಹಾಗೆ ಬರೆದು ಮಕ್ಕಳ ಸೀಟನ್ನೂ ಕೆಲಸವನ್ನೂ ಕಳಕೊಳ್ಳೋದು. ಮೊದಲನೇ ದಾರಿ ಹಿಡಿದವರನ್ನು ನಿಂದಿಸುವ ಅರ್ಹತೆ, ಪೀಳಿಗೆಯಿಂದ ಕ್ರೈಸ್ತನಾಗಿದ್ದು ರಬ್ಬರ್ ತೋಟದ ದುಡ್ಡಲ್ಲಿ ಓದಿದ ನನಗಿಲ್ಲ. ಆದರೆ ಎರಡನೇ ದಾರಿ ಹಿಡಿದವರೂ ಇದ್ದಾರೆ. ಸತ್ಯಕ್ಕೆ ನಿಷ್ಠೆ ಅಂತ ಭಾನುವಾರದ ಪ್ರವಚನದಲ್ಲಿ ಕೇಳುವಾಗ ನನ್ನ ಕಣ್ಣಿಗೆ ಬರೋದು ಅವರೇ.

ತಿರಸ್ಕಾರ ಹೊರಗಿನಿಂದ ಬಂದಾಗ ನಾವು ಸತ್ಯದ ಪರ ಅಂತ ಗಟ್ಟಿಯಾಗಿ ಹೇಳೋದು ಸುಲಭ. ಅದೇ ಬಾಯಿಂದ, ನಮ್ಮ ಬೆಂಚಿನಲ್ಲೂ ಜಾತಿ ಕೂತಿದೆ, ಮದುವೆಯ ಮಾತು ಬಂದಾಗ ನಾವೂ ಸಂಕಪ್ಪಯ್ಯನ ಮನೆಯವರೇ ಅಂತ ಹೇಳಬೇಕು. ಗುರುವನನ್ನು ಅಪ್ಪ ಬಿಟ್ಟ, ಸರ್ಕಾರ ಬಿಟ್ಟಿತು. ಚರ್ಚೂ ಅರ್ಧ ಒಳಗೆ, ಅರ್ಧ ಹೊರಗೆ ಇಟ್ಟರೆ ಅವನು ಹೋಗುವುದೆಲ್ಲಿಗೆ?

'ಚೋಮನ ದುಡಿ' ಇನ್ನೊಂದು ಸಲ ಓದಿ, ದೊಡ್ಡ ಪುಸ್ತಕ ಅಲ್ಲ, ಒಂದು ಸಂಜೆ ಸಾಕು. ಚೋಮನಿಗಾಗಿ ಅತ್ತು ಮುಗಿದ ಮೇಲೆ ಗುರುವನ ಪುಟಗಳಿಗೆ ವಾಪಸ್ ಹೋಗಿ. ಕಾರಂತರು ಒಂಬತ್ತು ದಶಕಕ್ಕೂ ಹಿಂದೆ ಬರೆಯದೆ ಬಿಟ್ಟ ಆ ಗುಡಿಸಲಿನ ಕಥೆಯನ್ನು ಪುತ್ತೂರು, ಸುಳ್ಯ, ಕಡಬದ ಯಾರಾದರೂ ಬರೆಯಬೇಕು. ಗುರುವನ ಮೊಮ್ಮಕ್ಕಳೇ ಬರೆದರೆ ಇನ್ನೂ ಒಳ್ಳೆಯದು.