ಸನ್ನದು ಶಾಲೆಗಳೂ ಸಹಾಯಕ ಸಂಸ್ಥೆಗಳೂ: ಒಂದು ವಿಮರ್ಶೆ

೧

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕಳೆದ ಮೂರು ದಶಕಗಳಿಂದ ಬೆಳೆದುಬಂದಿರುವ ಚಾರ್ಟರ್ ಶಾಲೆಗಳನ್ನು ಕುರಿತು ಆ ದೇಶದಲ್ಲಿ ವಿಪುಲವಾದ ವಾಙ್ಮಯ ಹುಟ್ಟಿಕೊಂಡಿದೆ. ಸರ್ಕಾರದ ಹಣದಿಂದ ನಡೆಯುವ, ಮಕ್ಕಳಿಂದ ಶುಲ್ಕ ತೆಗೆದುಕೊಳ್ಳದ, ಆದರೆ ಸ್ಥಳೀಯ ಶಿಕ್ಷಣ ಮಂಡಲಿಯ ದಿನನಿತ್ಯದ ಆಡಳಿತಕ್ಕೆ ಒಳಪಡದ ಶಾಲೆಗಳಿವು. ಅಧಿಕಾರವುಳ್ಳ ಒಂದು ಸಂಸ್ಥೆ ಕೆಲವು ವರ್ಷಗಳ ಅವಧಿಗೆ ಬರೆದುಕೊಡುವ ಸನ್ನದೇ ಇವುಗಳಿಗೆ ಆಧಾರವಾದ ಕಾರಣ ಇವನ್ನು ನಾವು ಸನ್ನದು ಶಾಲೆಗಳೆಂದು ಕರೆಯುತ್ತೇವೆ. ಈ ಶಾಲೆಗಳು ಒಟ್ಟಿನಲ್ಲಿ ಹಿತವೋ ಅಹಿತವೋ ಎಂಬ ಹಳೆಯ ವಾದವನ್ನು ಇಲ್ಲಿ ಎತ್ತಿಕೊಳ್ಳುವುದು ನಮ್ಮ ಉದ್ದೇಶವಲ್ಲ. ಶಾಲೆಯ ಬೆನ್ನ ಹಿಂದೆ ನಿಂತು ಹಣ, ಕಟ್ಟಡ, ಉಪಾಧ್ಯಾಯರು, ಆಡಳಿತದ ಅನುಭವ ಇವುಗಳನ್ನು ಒದಗಿಸುವ ಸಂಸ್ಥೆಗಳು ಹಲವು ಇವೆ. ಅವುಗಳನ್ನು ವರ್ಣಿಸುವಾಗ 'ಸಹಯೋಗ', 'ಬೆಂಬಲ' ಎಂಬ ಎರಡು ಮಾತುಗಳು ಮತ್ತೆ ಮತ್ತೆ ಬರುತ್ತವೆ. ಈ ಮಾತುಗಳು ಯಾವುದನ್ನು ಹೇಳುತ್ತವೆ, ಯಾವುದನ್ನು ಮರೆಮಾಡುತ್ತವೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಸನ್ನದು ಎಂಬ ಮಾತು ನಮಗೆ ಹೊಸತೇನೂ ಅಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ೧೮೧೩ರ ಸನ್ನದು ಕಾಯಿದೆಯಲ್ಲಿಯೇ ಭಾರತೀಯರ ವಿದ್ಯಾಭ್ಯಾಸಕ್ಕಾಗಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಗಳನ್ನು ತೆಗೆದಿರಿಸಬೇಕೆಂಬ ವಿಧಿ ಮೊದಲಬಾರಿಗೆ ಕಾಣಿಸಿಕೊಂಡಿತು. ಸನ್ನದಿನಲ್ಲಿ ಪಕ್ಷಗಳು ಎರಡೇ: ಕೊಡುವವನು ಒಬ್ಬ, ಪಡೆಯುವವನು ಇನ್ನೊಬ್ಬ. ಏನನ್ನು ಕೊಟ್ಟಿದೆ, ಯಾವ ನಿಬಂಧನೆಯ ಮೇಲೆ ಕೊಟ್ಟಿದೆ, ತಪ್ಪಿದರೆ ಏನಾಗುತ್ತದೆ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಸನ್ನದು ಶಾಲೆಯ ತತ್ತ್ವವೂ ಇದೇ. ಶಾಲೆಗೆ ಸ್ವಾತಂತ್ರ್ಯ ದೊರೆಯುತ್ತದೆ. ಅದಕ್ಕೆ ಪ್ರತಿಯಾಗಿ ಫಲಕ್ಕೆ ಶಾಲೆಯೇ ಹೊಣೆಯಾಗುತ್ತದೆ. ಫಲ ದೊರೆಯದಿದ್ದರೆ ಸನ್ನದು ರದ್ದಾಗುತ್ತದೆ. ಆದರೆ ಆಚರಣೆಯಲ್ಲಿ ಈ ಇಬ್ಬರ ನಡುವೆ ಸನ್ನದಿಗೆ ಸಹಿ ಹಾಕದ ಮೂರನೆಯವನೊಬ್ಬ ಬಂದು ನಿಂತಿದ್ದಾನೆ. ಅಧಿಕಾರ ಬಹುಮಟ್ಟಿಗೆ ಆತನ ಕಡೆಗೆ ಸರಿದು, ಹೊಣೆ ಮಾತ್ರ ಸನ್ನದು ಪಡೆದವನ ಹೆಗಲ ಮೇಲೆಯೇ ಉಳಿಯುವ ಸಂಭವವಿದೆ. ಇದೇ ನಮ್ಮ ಪ್ರತಿಪಾದನೆ.

೨

ಈ ಕಲ್ಪನೆಯ ಮೂಲಪುರುಷರೆಂದು ಹೆಸರಾದವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದಲ್ಲಿ ಶಿಕ್ಷಣಾಡಳಿತದ ಅಧ್ಯಾಪಕರಾಗಿದ್ದ ರೇ ಬಡ್. ೧೯೭೪ರಲ್ಲಿ ಅವರು ಮೊದಲು ಮಂಡಿಸಿದ ವಿಚಾರ ೧೯೮೮ರಲ್ಲಿ ಪುಸ್ತಕರೂಪವಾಗಿ ಹೊರಬಂದಿತು. ಅವರ ಯೋಜನೆಯಲ್ಲಿ ಸನ್ನದು ಕೊಡತಕ್ಕುದು ಸ್ಥಳೀಯ ಶಿಕ್ಷಣ ಮಂಡಲಿ. ಪಡೆಯತಕ್ಕವರು ಉಪಾಧ್ಯಾಯರ ಒಂದು ತಂಡ. ಅದೇ ವರ್ಷ ಮಾರ್ಚಿ ೩೧ರಂದು ಅಮೆರಿಕನ್ ಉಪಾಧ್ಯಾಯರ ಒಕ್ಕೂಟದ ಅಧ್ಯಕ್ಷರಾಗಿದ್ದ ಆಲ್ಬರ್ಟ್ ಶಾಂಕರ್ ವಾಷಿಂಗ್ಟನ್ನಿನಲ್ಲಿ ಮಾಡಿದ ಭಾಷಣದಿಂದ ಈ ಬಗೆಯ ವಿಚಾರ ದೇಶದ ಗಮನಕ್ಕೆ ಬಂದಿತು. ಶಾಂಕರರ ದೃಷ್ಟಿಯಲ್ಲಿಯೂ ಉಪಾಧ್ಯಾಯನೇ ಕೇಂದ್ರ. ಹೊಸ ಬೋಧನಕ್ರಮವನ್ನು ಪರೀಕ್ಷಿಸಿ ನೋಡಲು ಆತನಿಗೆ ಅವಕಾಶ ಬೇಕು. ಅದರಿಂದ ಬಂದ ಅರಿವು ಉಳಿದ ಶಾಲೆಗಳಿಗೂ ಹರಿಯಬೇಕು. ೧೯೯೧ರಲ್ಲಿ ಮಿನ್ನೆಸೋಟ ರಾಜ್ಯ ಮೊದಲ ಕಾಯಿದೆಯನ್ನು ಮಾಡಿತು. ೧೯೯೨ರಲ್ಲಿ ಸೇಂಟ್ ಪಾಲ್ ನಗರದ ಸಿಟಿ ಅಕಾಡೆಮಿ ಮೊದಲ ಸನ್ನದು ಶಾಲೆಯಾಗಿ ಬಾಗಿಲು ತೆರೆಯಿತು. ಕೆಲವೇ ವರ್ಷಗಳಲ್ಲಿ ಲಾಭೋದ್ದೇಶದ ಕಂಪೆನಿಗಳು ಶಾಲೆಗಳನ್ನು ನಡೆಸಲು ಮುಂದಾದುದನ್ನು ಕಂಡು ಶಾಂಕರ್ ಈ ಚಳವಳಿಯ ಟೀಕಾಕಾರರಾದರು.

ಮೂಲದ ಈ ಎರಡು ಯೋಜನೆಗಳಲ್ಲಿಯೂ ಸಹಾಯಕ ಸಂಸ್ಥೆಗೆ ಪ್ರಧಾನವಾದ ಸ್ಥಾನವಿರಲಿಲ್ಲವೆಂಬುದನ್ನು ಗಮನಿಸಬೇಕು. ಹಾಗಾದರೆ ಅದು ಬಂದುದೆಲ್ಲಿಂದ? ಕಾಯಿದೆಯ ಸ್ವರೂಪದಲ್ಲಿಯೇ ಇದಕ್ಕೆ ಉತ್ತರವಿದೆ. ಸಾಮಾನ್ಯವಾಗಿ ಸರ್ಕಾರದ ಹಣ ಮಕ್ಕಳ ತಲೆಯೆಣಿಕೆಯ ಮೇಲೆ ಬರುತ್ತದೆ. ಆದರೆ ಮಕ್ಕಳು ಬರುವುದಕ್ಕೆ ಮೊದಲೇ ಕಟ್ಟಡ ಬೇಕು, ಮೇಜು ಬೇಕು, ಮುಖ್ಯೋಪಾಧ್ಯಾಯರಿಗೆ ಸಂಬಳ ಬೇಕು. ಸ್ಥಳೀಯ ಮಂಡಲಿಯ ಕೈಯಲ್ಲಿರುವ ಕಟ್ಟಡಗಳೂ ತೆರಿಗೆಯ ಸಾಲಪತ್ರಗಳೂ ಹೊಸ ಶಾಲೆಗೆ ಬಹುಪಾಲು ಸಿಕ್ಕುವುದಿಲ್ಲ. ಉಪಾಧ್ಯಾಯರ ಉತ್ಸಾಹವೊಂದರಿಂದಲೇ ಬಾಡಿಗೆ ತೆರಲಾಗದು. ಕಾಯಿದೆ ಸ್ವಾತಂತ್ರ್ಯವನ್ನೇನೋ ಕೊಟ್ಟಿತು, ಅದನ್ನು ನಡೆಸಿಕೊಂಡು ಹೋಗುವ ಬಂಡವಾಳವನ್ನು ಕೊಡಲಿಲ್ಲ. ಆ ತೆರವಿನಲ್ಲಿ ಸಹಾಯಕ ಸಂಸ್ಥೆಗಳು ಬೆಳೆದುವು.

೩

ಈ ಸಂಸ್ಥೆಗಳೆಲ್ಲವನ್ನೂ ಒಂದೇ ಹೆಸರಿನಿಂದ ಕರೆಯುವುದು ವಿಚಾರದ ಗೊಂದಲಕ್ಕೆ ದಾರಿ. ಕಾರ್ಯಭೇದದಿಂದ ಇವುಗಳಲ್ಲಿ ನಾಲ್ಕು ವರ್ಗಗಳನ್ನಾದರೂ ಗುರುತಿಸಬಹುದು. ದಾನ ನೀಡುವ ಪ್ರತಿಷ್ಠಾನಗಳದು ಮೊದಲನೆಯ ವರ್ಗ. ವಾಲ್ಟನ್, ಗೇಟ್ಸ್, ಬ್ರೋಡ್ ಮನೆತನಗಳ ಪ್ರತಿಷ್ಠಾನಗಳೂ, ಹಲವರ ದಾನವನ್ನು ಒಟ್ಟುಗೂಡಿಸಿ ಹಂಚುವ ನ್ಯೂಸ್ಕೂಲ್ಸ್ ವೆಂಚರ್ ಫಂಡ್ (೧೯೯೮) ಮೊದಲಾದ ನಿಧಿಗಳೂ ಇದಕ್ಕೆ ಸೇರಿದುವು. ಕಟ್ಟಡಗಳನ್ನು ಕಟ್ಟಿಸಿ ಅಥವಾ ಕೊಂಡು ಶಾಲೆಗಳಿಗೆ ಬಾಡಿಗೆಗೆ ಕೊಡುವವು, ಸಾಲಕ್ಕೆ ಜಾಮೀನು ನಿಲ್ಲುವವು ಎರಡನೆಯ ವರ್ಗ. ಉಪಾಧ್ಯಾಯರನ್ನು ಆರಿಸಿ ಕಳುಹಿಸುವ ಟೀಚ್ ಫಾರ್ ಅಮೆರಿಕದಂತಹವು ಮೂರನೆಯವು. ಶಾಲೆಯ ಆಡಳಿತವನ್ನೇ ವಹಿಸಿಕೊಳ್ಳುವ ನಿರ್ವಾಹಕ ಸಂಸ್ಥೆಗಳು ನಾಲ್ಕನೆಯವು; ಇವುಗಳಲ್ಲಿ ಲಾಭೋದ್ದೇಶವುಳ್ಳವೂ ಇಲ್ಲದವೂ ಇವೆ. ಮೊದಲನೆಯ ವರ್ಗದಿಂದ ನಾಲ್ಕನೆಯದಕ್ಕೆ ಬಂದಂತೆ ಸಹಾಯವು ಶಾಲೆಯ ಹೊರಗಿನಿಂದ ಒಳಗೆ ಬರುತ್ತದೆ. ದಾನಿ ಬಾಗಿಲಲ್ಲಿ ನಿಲ್ಲುತ್ತಾನೆ. ನಿರ್ವಾಹಕನಾದರೋ ಮುಖ್ಯೋಪಾಧ್ಯಾಯರ ಕುರ್ಚಿಯನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುತ್ತಾನೆ.

ಈ ಸಹಾಯದಿಂದ ಪ್ರಯೋಜನವಾಗಿಲ್ಲವೆಂದು ಹೇಳುವಂತಿಲ್ಲ. ೧೯೯೪ರಲ್ಲಿ ಹ್ಯೂಸ್ಟನ್ ನಗರದಲ್ಲಿ ಮೈಕ್ ಫೈನ್‌ಬರ್ಗ್, ಡೇವ್ ಲೆವಿನ್ ಎಂಬ ಇಬ್ಬರು ತರುಣ ಉಪಾಧ್ಯಾಯರು ಆರಂಭಿಸಿದ ಕಿಪ್ ಎಂಬ ಕಾರ್ಯಕ್ರಮ ಇದಕ್ಕೆ ನಿದರ್ಶನ. ೨೦೦೦ದಲ್ಲಿ ಗ್ಯಾಪ್ ಬಟ್ಟೆಯಂಗಡಿಗಳ ಸ್ಥಾಪಕರಾದ ಡೋರಿಸ್ ಮತ್ತು ಡೊನಾಲ್ಡ್ ಫಿಷರ್ ದಂಪತಿಗಳ ದ್ರವ್ಯಸಹಾಯದಿಂದ ಕಿಪ್ ಪ್ರತಿಷ್ಠಾನ ಹುಟ್ಟಿತು. ಹೊಸ ಶಾಲೆಗಳಿಗೆ ಮುಖ್ಯೋಪಾಧ್ಯಾಯರನ್ನು ತರಬೇತುಗೊಳಿಸುವುದು ಅದರ ಮೊದಲ ಕೆಲಸವಾಗಿತ್ತು. ಬಡಮಕ್ಕಳೇ ಹೆಚ್ಚಾಗಿರುವ ಈ ಶಾಲೆಗಳಲ್ಲಿ ಕಲಿಕೆ ಗಣನೀಯವಾಗಿ ಮುಂದುವರಿದುದನ್ನು ೨೦೧೩ರಲ್ಲಿ ಮ್ಯಾಥಮ್ಯಾಟಿಕಾ ಸಂಸ್ಥೆಯ ಅಧ್ಯಯನ ತೋರಿಸಿಕೊಟ್ಟಿತು.

ಇದಕ್ಕಿಂತ ವ್ಯಾಪಕವಾದುದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕ್ರೆಡೋ ಕೇಂದ್ರದ ಅಧ್ಯಯನ. ಅದರ ೨೦೦೯ರ ವರದಿಯಲ್ಲಿ ಗಣಿತದ ಮಟ್ಟಿಗೆ ನೆರೆಯ ಸಾರ್ವಜನಿಕ ಶಾಲೆಗಳಿಗಿಂತ ಮೇಲೆನಿಸಿದ ಸನ್ನದು ಶಾಲೆಗಳು ನೂರಕ್ಕೆ ೧೭. ಕೀಳೆನಿಸಿದವು ನೂರಕ್ಕೆ ೩೭. ೨೦೨೩ರ ವರದಿಯ ವೇಳೆಗೆ ಚಿತ್ರ ಬದಲಾಗಿತ್ತು. ನಿರ್ವಾಹಕ ಸಂಸ್ಥೆಗಳಿಗೆ ಸೇರಿದ ಶಾಲೆಗಳ ಮಕ್ಕಳು ವರ್ಷವೊಂದರಲ್ಲಿ ಓದಿನಲ್ಲಿ ೨೭ ದಿನಗಳಷ್ಟೂ ಗಣಿತದಲ್ಲಿ ೨೩ ದಿನಗಳಷ್ಟೂ ಹೆಚ್ಚು ಕಲಿತರೆಂದೂ, ಒಂಟಿಯಾಗಿ ನಿಂತ ಶಾಲೆಗಳವರು ಓದಿನಲ್ಲಿ ೧೦ ದಿನಗಳಷ್ಟು ಮುಂದಿದ್ದರೂ ಗಣಿತದಲ್ಲಿ ಗಣನೀಯ ವ್ಯತ್ಯಾಸ ತೋರಲಿಲ್ಲವೆಂದೂ ಅದು ತಿಳಿಸುತ್ತದೆ. ಸಹಾಯಕ ಸಂಸ್ಥೆಗಳ ಪರವಾಗಿ ಇದು ಬಲವಾದ ಸಾಕ್ಷ್ಯವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಓದು, ಗಣಿತ ಎರಡೇ ವಿಷಯಗಳ ಪರೀಕ್ಷೆಯನ್ನು ಆಧರಿಸಿದ ಈ ಅಳತೆ ಮಗುವಿನ ಕಲಿಕೆಯನ್ನು ಹೇಳುತ್ತದೆಯೇ ಹೊರತು, ಶಾಲೆಯ ಮೇಲೆ ಯಾರ ಅಧಿಕಾರ ನಡೆಯುತ್ತದೆಂಬುದನ್ನು ಹೇಳುವುದಿಲ್ಲ. ಅದನ್ನು ಅರಿಯಲು ಪರೀಕ್ಷೆಯ ಅಂಕಗಳನ್ನು ಬಿಟ್ಟು ಕರಾರು ಪತ್ರಗಳನ್ನು ಓದಬೇಕಾಗುತ್ತದೆ.

೪

ಅಂತಹ ಒಂದು ಕರಾರು ಪತ್ರದ ಕಥೆ ಓಹೈಯೊ ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ೨೦೧೫ರ ಸೆಪ್ಟೆಂಬರಿನಲ್ಲಿ ತೀರ್ಮಾನವಾಯಿತು. ಆ ರಾಜ್ಯದ ಕಾಯಿದೆಯಲ್ಲಿ ಸನ್ನದು ಶಾಲೆಗೆ 'ಸಮುದಾಯ ಶಾಲೆ' ಎಂದೇ ಹೆಸರು. ವೈಟ್ ಹ್ಯಾಟ್ ಎಂಬ ಲಾಭೋದ್ದೇಶದ ನಿರ್ವಾಹಕ ಕಂಪೆನಿಗೆ ಹತ್ತು ಶಾಲೆಗಳ ಆಡಳಿತ ಮಂಡಲಿಗಳು ತಮ್ಮ ಸರ್ಕಾರಿ ವರಮಾನದಲ್ಲಿ ನೂರಕ್ಕೆ ೯೫ಕ್ಕೆ ಕಡಮೆಯಿಲ್ಲದಷ್ಟನ್ನು ಒಪ್ಪಿಸಬೇಕೆಂದು ಕರಾರಾಗಿತ್ತು. ಕಂಪೆನಿ ಆ ಹಣದಿಂದ ಉಪಾಧ್ಯಾಯರಿಗೆ ಸಂಬಳ ಕೊಟ್ಟಿತು, ಮೇಜು ಕುರ್ಚಿಗಳನ್ನೂ ಗಣಕಯಂತ್ರಗಳನ್ನೂ ಕೊಂಡಿತು. ಮಂಡಲಿಗಳು ಕಂಪೆನಿಯನ್ನು ಬಿಡಲೆಳಸಿದಾಗ ಈ ಸಾಮಾನುಗಳು ಯಾರವು ಎಂಬ ಪ್ರಶ್ನೆ ಎದ್ದಿತು. ಕರಾರಿನ ಪ್ರಕಾರ ಅವು ಕಂಪೆನಿಯವು. ಬೇಕಾದರೆ ಶಾಲೆ ಅವನ್ನು ಬೆಲೆ ಕೊಟ್ಟು ಕೊಳ್ಳಬೇಕು. ಮಂಡಲಿಗಳು ಒಪ್ಪಿ ಸಹಿ ಮಾಡಿದ ಕರಾರು ಸಿಂಧುವೆಂದು ನ್ಯಾಯಾಲಯ ತೀರ್ಪಿತ್ತಿತು. ಸಾರ್ವಜನಿಕ ಹಣದ ವಿಷಯದಲ್ಲಿ ಕಂಪೆನಿಗೂ ಶಾಲೆಗೂ ನಡುವೆ ವಿಶ್ವಸ್ತರ ಸಂಬಂಧವಿದೆಯೆಂಬುದನ್ನೂ ಅದು ಒಪ್ಪಿತು. ಹಾಗೆ ಒಪ್ಪಿಯೂ ಸಾಮಾನುಗಳ ಬಗೆಗಿನ ನಿಬಂಧನೆ ನಿಂತಿತು.

ಈ ತೀರ್ಪಿನ ಅರ್ಥವನ್ನು ಬಿಡಿಸಿ ನೋಡೋಣ. ಸನ್ನದಿನಲ್ಲಿ ಹೆಸರಿರುವುದು ಮಂಡಲಿಯದು. ಮಕ್ಕಳು ಕಲಿಯದಿದ್ದರೆ ಕಳೆದುಹೋಗುವುದು ಮಂಡಲಿಯ ಸನ್ನದು. ಆದರೆ ಮಂಡಲಿಯ ಕೈಯಲ್ಲಿ ಉಳಿದ ಹಣ ನೂರಕ್ಕೆ ಐದು ಅಥವಾ ಅದಕ್ಕೂ ಕಡಮೆ. ಮಗು ಕುಳಿತ ಬೆಂಚೂ ಅದರದಲ್ಲ, ಕಲಿಸುವ ಉಪಾಧ್ಯಾಯನೂ ಅದರ ನೌಕರನಲ್ಲ. ನಿರ್ವಾಹಕನನ್ನು ಬಿಡುವ ಹಕ್ಕು ಕಾಗದದ ಮೇಲೆ ಇದ್ದರೂ, ಬಿಟ್ಟ ಮರುದಿನ ಶಾಲೆಯಲ್ಲಿ ಉಳಿಯುವುದು ಬರಿಯ ಗೋಡೆ. ಇದನ್ನು ಸಹಯೋಗವೆಂದು ಕರೆದರೆ ಭಾಷೆಗೆ ಅನ್ಯಾಯ ಮಾಡಿದಂತಾಗುತ್ತದೆ. ಸಹಯೋಗವೆಂಬುದು ಇಬ್ಬರೂ ಪರಸ್ಪರ ಬಿಟ್ಟು ನಿಲ್ಲಬಲ್ಲವರಾದಾಗ ಮಾತ್ರ ಸಲ್ಲುವ ಮಾತು.

ಹೀಗೆಂದು ನಿರ್ವಾಹಕತ್ವವೆಲ್ಲವೂ ಇದೇ ಬಗೆಯದೆಂದು ತಿಳಿಯಬೇಕಾಗಿಲ್ಲ. ಮಿನ್ನೆಸೋಟದಲ್ಲಿ ೧೯೯೪ರಲ್ಲಿ ಆರಂಭವಾದ ನ್ಯೂ ಕಂಟ್ರಿ ಶಾಲೆಯ ಬೋಧನೆಯ ಕರಾರನ್ನು ಪಡೆದುದು ಎಡ್‌ವಿಷನ್ಸ್ ಎಂಬ ಸಹಕಾರ ಸಂಘ. ಅದರ ಸದಸ್ಯರು ಉಪಾಧ್ಯಾಯರೇ. ಇಲ್ಲಿಯೂ ಸಹಾಯಕ ಸಂಸ್ಥೆಯೊಂದುಂಟು, ಕರಾರೂ ಉಂಟು. ಆದರೆ ಕರಾರಿನಿಂದ ಬಂದ ಅಧಿಕಾರ ತರಗತಿಯಲ್ಲಿ ನಿಂತು ಕಲಿಸುವವರ ಕೈ ಸೇರಿತು. ಬಡ್ ಅವರ ಮೂಲ ಆಶಯಕ್ಕೆ ಇದು ಬಹು ಸಮೀಪವಾದುದು. ಆದಕಾರಣ ದೋಷವಿರುವುದು ಸಂಸ್ಥೆಯ ಇರವಿನಲ್ಲಲ್ಲ, ಕರಾರಿನ ಸ್ವರೂಪದಲ್ಲಿ.

೫

ಈ ದೃಷ್ಟಿಯಿಂದ ಎರಡು ಪ್ರಸಿದ್ಧ ಗ್ರಂಥಗಳನ್ನು ನೋಡಬಹುದು. ಜಾನ್ ಚಬ್ ಮತ್ತು ಟೆರಿ ಮೋ ೧೯೯೦ರಲ್ಲಿ ಪ್ರಕಟಿಸಿದ 'ಪಾಲಿಟಿಕ್ಸ್, ಮಾರ್ಕೆಟ್ಸ್ ಅಂಡ್ ಅಮೆರಿಕಾಸ್ ಸ್ಕೂಲ್ಸ್' ಎಂಬ ಗ್ರಂಥದಲ್ಲಿ ಚುನಾಯಿತ ಮಂಡಲಿಗಳ ರಾಜಕೀಯವೇ ಶಾಲೆಯ ಸ್ವಾಯತ್ತತೆಯನ್ನು ತಿನ್ನುತ್ತದೆಂದೂ, ತಂದೆತಾಯಿಗಳ ಆಯ್ಕೆಯಿಂದ ಅದು ಮರಳಿ ದೊರೆಯುವುದೆಂದೂ ವಾದಿಸಿದ್ದಾರೆ. ವಾದ ಸುಸಂಬದ್ಧವಾದುದು. ಆದರೆ ಮಂಡಲಿಯ ಹಿಡಿತದಿಂದ ಬಿಡಿಸಿಕೊಂಡ ಶಾಲೆ ಮತ್ತಾರ ಹಿಡಿತಕ್ಕೂ ಸಿಕ್ಕುವುದಿಲ್ಲವೆಂಬ ನಂಬಿಕೆ ಅದರ ತಳಹದಿಯಲ್ಲಿದೆ. ಕರಾರಿನ ಮೂಲಕ ಬರುವ ಅಧಿಕಾರವೂ ಅಧಿಕಾರವೇ ಎಂಬುದು ಅದರಲ್ಲಿ ಸಾಕಷ್ಟು ತೂಗಿಲ್ಲ. ಚಬ್ ಅವರೇ ಮುಂದೆ ಕ್ರಿಸ್ ವಿಟ್ಲ್ ಅವರ ಎಡಿಸನ್ ಎಂಬ ನಿರ್ವಾಹಕ ಕಂಪೆನಿಯನ್ನು ಕಟ್ಟಿದವರಲ್ಲಿ ಒಬ್ಬರಾದುದನ್ನು ಇಲ್ಲಿ ಸ್ಮರಿಸಬಹುದು.

ಇದಕ್ಕೆ ಪ್ರತಿಯಾಗಿ ನಿಲ್ಲತಕ್ಕುದು ಡಯಾನ್ ರ್‍ಯಾವಿಚ್ ೨೦೧೦ರಲ್ಲಿ ಪ್ರಕಟಿಸಿದ 'ದಿ ಡೆತ್ ಅಂಡ್ ಲೈಫ್ ಆಫ್ ದಿ ಗ್ರೇಟ್ ಅಮೆರಿಕನ್ ಸ್ಕೂಲ್ ಸಿಸ್ಟಮ್'. ಹಿರಿಯ ಜಾರ್ಜ್ ಬುಷ್ ಅವರ ಕಾಲದಲ್ಲಿ ಶಿಕ್ಷಣ ಇಲಾಖೆಯಲ್ಲಿ ಸಹಾಯಕ ಕಾರ್ಯದರ್ಶಿಯಾಗಿದ್ದ, ಒಮ್ಮೆ ಆಯ್ಕೆಯ ತತ್ತ್ವವನ್ನು ಬೆಂಬಲಿಸಿದ್ದ ಲೇಖಕಿ ತಮ್ಮ ಅಭಿಪ್ರಾಯ ಬದಲಾದ ಬಗೆಯನ್ನು ಇದರಲ್ಲಿ ನಿರೂಪಿಸಿದ್ದಾರೆ. ಯಾರಿಂದಲೂ ಚುನಾಯಿತರಾಗದ ಮೂರು ದೊಡ್ಡ ಪ್ರತಿಷ್ಠಾನಗಳು ದೇಶದ ಶಿಕ್ಷಣನೀತಿಯನ್ನು ತಿದ್ದುವ ಸ್ಥಿತಿಗೆ ಬಂದುದನ್ನು ಎತ್ತಿ ತೋರಿಸಿದುದು ಈ ಗ್ರಂಥದ ದೊಡ್ಡ ಗುಣ. ಆದರೂ ನಮ್ಮ ಪ್ರಶ್ನೆಗೆ ಅದರಿಂದ ಅರ್ಧ ಉತ್ತರವೇ ದೊರೆಯುತ್ತದೆ. ಆಕೆಯ ಮುಖ್ಯ ಲಕ್ಷ್ಯ ಸಂಪತ್ತಿನ ಪ್ರಭಾವ. ದಾನಿ ಉದಾರನಾಗಿದ್ದೂ ಕರಾರು ಕೆಟ್ಟದಾಗಿರಬಹುದು. ದಾನಿಯೇ ಇಲ್ಲದೆ ಬರಿಯ ಸರ್ಕಾರದ ಹಣದಿಂದಲೇ ಮಂಡಲಿಯೊಂದು ಪರಾಧೀನವಾಗಬಹುದು. ಓಹೈಯೊದಲ್ಲಿ ಆದುದು ಇದೇ. ಒಂದು ಗ್ರಂಥ ರಾಜಕೀಯವನ್ನೂ ಇನ್ನೊಂದು ಐಶ್ವರ್ಯವನ್ನೂ ನೋಡುತ್ತದೆ. ಇವೆರಡರ ನಡುವೆ ಸದ್ದಿಲ್ಲದೆ ಕೆಲಸ ಮಾಡುವ ಕರಾರು ಪತ್ರಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

೬

ಹಾಗಾದರೆ ನಿಜವಾದ ಬೆಂಬಲವನ್ನು ಗುರುತಿಸುವ ಬಗೆ ಹೇಗೆ? ಮೂರು ಪ್ರಶ್ನೆಗಳನ್ನು ಕೇಳಿ ನೋಡಬೇಕೆಂದು ನಮಗೆ ತೋರುತ್ತದೆ. ಸಹಾಯಕ ಸಂಸ್ಥೆ ಹೊರಟುಹೋದರೆ ಶಾಲೆಯ ಕಟ್ಟಡ, ಸಾಮಾನು, ಉಪಾಧ್ಯಾಯರು ಶಾಲೆಯಲ್ಲಿಯೇ ಉಳಿಯುತ್ತಾರೆಯೇ? ಸಂಸ್ಥೆಯೊಡನೆ ವ್ಯವಹರಿಸುವ ಮಂಡಲಿಯ ಸದಸ್ಯರನ್ನು ಆ ಸಂಸ್ಥೆಯೇ ಆರಿಸಿದೆಯೇ? ಸಾರ್ವಜನಿಕ ಹಣ ಸಂಸ್ಥೆಯ ಬೊಕ್ಕಸಕ್ಕೆ ಸೇರಿದ ಮೇಲೆಯೂ ಅದರ ಲೆಕ್ಕವನ್ನು ಸಾರ್ವಜನಿಕರು ಕೇಳಬಹುದೇ? ಈ ಪ್ರಶ್ನೆಗಳಿಗೆ ತೃಪ್ತಿಕರವಾದ ಉತ್ತರ ಸಿಕ್ಕಿದಲ್ಲಿ ಅದು ಬೆಂಬಲ. ಇಲ್ಲದಲ್ಲಿ ಅದು ಒಡೆತನ.

ನ್ಯೂ ಆರ್ಲಿಯನ್ಸ್ ನಗರದ ಅನುಭವವೂ ಇದನ್ನೇ ಬೇರೆ ರೀತಿಯಲ್ಲಿ ಸೂಚಿಸುತ್ತದೆ. ೨೦೦೫ರ ಕಟ್ರೀನಾ ಚಂಡಮಾರುತದ ತರುವಾಯ ಬಹುಪಾಲು ಶಾಲೆಗಳನ್ನು ರಾಜ್ಯ ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡು ಕ್ರಮೇಣ ಸನ್ನದು ಶಾಲೆಗಳನ್ನಾಗಿ ಮಾಡಿತು. ಹೊಸ ಶಾಲೆಗಳನ್ನು ಪೋಷಿಸಲು ೨೦೦೬ರಲ್ಲಿ ಒಂದು ಸಂಸ್ಥೆಯೇ ಸ್ಥಾಪಿತವಾಯಿತು. ಪರೀಕ್ಷಾಫಲ ಮೇಲಕ್ಕೇರಿತು. ಆದರೂ ೨೦೧೬ರ ಶಾಸನದಂತೆ ಈ ಶಾಲೆಗಳ ಮೇಲ್ವಿಚಾರಣೆ ೨೦೧೮ರಲ್ಲಿ ಊರಿನ ಚುನಾಯಿತ ಮಂಡಲಿಗೆ ಮರಳಿತು. ೨೦೨೪ರಲ್ಲಿ ಆ ಮಂಡಲಿ ತಾನೇ ನೇರವಾಗಿ ನಡೆಸುವ ಶಾಲೆಯೊಂದನ್ನು ತೆರೆಯಿತು. ಫಲ ಒಳ್ಳೆಯದಾದ ಮಾತ್ರಕ್ಕೆ ಹೊಣೆ ಯಾರದೆಂಬ ಪ್ರಶ್ನೆ ತೀರಿಹೋಗುವುದಿಲ್ಲ.

ನಮ್ಮ ನಾಡಿಗೆ ಈ ವಿಚಾರ ತೀರ ದೂರದ್ದಲ್ಲ. ೧೮೫೪ರ ವುಡ್ ಅವರ ಶಿಕ್ಷಣ ಪತ್ರದಿಂದ ನೆಲೆಗೊಂಡ ಅನುದಾನ ಪದ್ಧತಿಯಲ್ಲಿ ಖಾಸಗಿ ಸಂಸ್ಥೆ ಶಾಲೆಯನ್ನು ನಡೆಸುತ್ತದೆ, ಸರ್ಕಾರ ಹಣವನ್ನು ಕೊಡುತ್ತದೆ. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಉಪಾಧ್ಯಾಯರು ಕೂಡಿ ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯಂತಹವು ಬೆಳೆದುದು ಈ ಪದ್ಧತಿಯ ಆವರಣದಲ್ಲಿಯೇ. ಈ ಪದ್ಧತಿಯ ಕುಂದುಗಳು ನಮಗೆಲ್ಲ ತಿಳಿದುವೇ. ಆದರೆ ಅನುದಾನ ಪಡೆಯುವವರೂ ಶಾಲೆ ನಡೆಸುವವರೂ ಇಲ್ಲಿ ಒಬ್ಬರೇ ಆದುದರಿಂದ ತಪ್ಪಾದಾಗ ಯಾರನ್ನು ಕೇಳಬೇಕೆಂಬ ಸಂದೇಹವಿಲ್ಲ. ಈಗ ಮುಂಬಯಿ, ಪುಣೆ ನಗರಗಳಲ್ಲಿ ಆಕಾಂಕ್ಷಾ ಎಂಬ ಸಂಸ್ಥೆ ಪೌರಸಭೆಗಳ ಶಾಲೆಗಳನ್ನು ಒಪ್ಪಂದದ ಮೇಲೆ ನಡೆಸುತ್ತಿದೆ. ಇಂತಹ ಒಪ್ಪಂದಗಳು ಮುಂದೆ ಬೇರೆಡೆಯೂ ಬರಬಹುದು. ಅವುಗಳನ್ನು ಸ್ವಾಗತಿಸುವವರೂ ವಿರೋಧಿಸುವವರೂ ಸಂಸ್ಥೆಯ ಕೀರ್ತಿಯನ್ನೋ ದಾನಿಯ ಹೆಸರನ್ನೋ ನೋಡಿ ತೀರ್ಮಾನಕ್ಕೆ ಬರುವುದಕ್ಕೆ ಮೊದಲು, ಒಪ್ಪಂದ ಮುಗಿದ ದಿನ ಶಾಲೆಯಲ್ಲಿ ಏನು ಉಳಿಯುತ್ತದೆಂಬ ನಿಬಂಧನೆಯನ್ನು ಓದಿಕೊಳ್ಳುವುದು ಯುಕ್ತ.